ತಿರುವಿನಲ್ಲಿ ನಿಂತ ಕೆಂಪು ಕುದುರೆ

ಕುದುರೆ ಏರಿದವರನ್ನು ಹಾಡಿ ಹೊಗಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಕುದುರೆ ತಂದು, ಮೈ ತಿಕ್ಕಿ, ಮನೆ ಮುಂದೆ ನಿಲ್ಲಿಸಿ, ಏರದೆ ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತವನ ಕಥೆಯನ್ನು ಯಾರೂ ಹೇಳುವುದಿಲ್ಲ. ಅಂಥವನೊಬ್ಬ ಪುಣೆಯ ಕೋಥರೂಡದಲ್ಲಿದ್ದ. ಅವನ ಹೆಸರು ಫಕೀರಪ್ಪ. ಹೂಂಗುಟ್ಟುತ್ತ ಕೇಳ್ರಿ, ಹೇಳುತ್ತೇನೆ.

ಫಕೀರಪ್ಪನ ಅಂಗಡಿ ಕ್ಯಾಂಪ್ ಎಂಬ ಪೇಟೆಯ ಒಂದು ಓಣಿಯಲ್ಲಿ. ಒಬ್ಬ ಗಿರಾಕಿ ಒಳಗೆ ನಿಂತರೆ ಇನ್ನೊಬ್ಬ ಹೊರಗೇ ಕಾಯಬೇಕು, ಅಷ್ಟೇ ಅಗಲ. ಮಾರುತ್ತಿದ್ದದ್ದು ದರ್ಜಿಗಳಿಗೆ ಬೇಕಾಗುವ ಸಾಮಾನು: ಅಸ್ತರು, ದಾರ, ಝಿಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ. ಗೋಡೆ ತುಂಬ ತಗಡಿನ ಡಬ್ಬಿಗಳು, ಡಬ್ಬಿ ತುಂಬ ಗುಂಡಿಗಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವನು ಒಂದು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಳಗೆ ಕೈ ಹಾಕಿ ಸುಮ್ಮನೆ ಕಲಕುತ್ತ ಕೂರುತ್ತಿದ್ದ. ಗಲಗಲ, ಗಲಗಲ. ಆ ಸಪ್ಪಳಕ್ಕೆ ಕಣ್ಣು ಅರ್ಧ ಮುಚ್ಚುತ್ತಿತ್ತು. ಎದುರಿನ ಅಂಗಡಿಯವರು, ಫಕೀರಪ್ಪ ಶೇಟಜಿ ಈಗ ಅಂಗಡಿಯಲ್ಲಿ ಇಲ್ಲ, ಸಂಜೆ ಬನ್ನಿ ಎಂದು ಚೇಷ್ಟೆ ಮಾಡುತ್ತಿದ್ದರು.

ಅವನು ಎಲ್ಲಿಗೆ ಹೋಗುತ್ತಿದ್ದ ಅಂತೀರಿ? ಬೈಲಹೊಂಗಲದ ಆಚೆ, ತನ್ನ ಹಳ್ಳಿಯ ಕರಿಮಣ್ಣಿನ ದಾರಿಗೆ.

ಆ ದಾರಿಯಲ್ಲಿ ಅವನನ್ನು ನಡೆಸಿದವಳು ಅಕ್ಕ ಕಾಶವ್ವ. ತಾಯಿ ಹೋದಾಗ ಅವನು ಇನ್ನೂ ಮೊಲೆ ಕುಡಿಯುವ ಕೂಸು. ಅದೇ ವರ್ಷ ಕಾಶವ್ವ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ, ಖಾಲಿ ಕಂಕುಳಿಗೆ ತಮ್ಮನನ್ನು ಏರಿಸಿಕೊಂಡಳು. ಮುಂದೆ ಅವನು ಕಂಕುಳಿಗೆ ಭಾರವಾದ ಮೇಲೆ ಆಚೆ ಊರಿನ ಸಾಲೆಗೆ ಕೈ ಹಿಡಿದು ನಡೆಸಿದಳು. ಬಿಸಿಲಲ್ಲಿ ಹುಡುಗ ಕೂತುಬಿಡುತ್ತಿದ್ದ, ಅಕ್ಕಾ ಕಾಲು ನೋಯ್ತಾವು ಅಂತ. ಅದಕ್ಕೆ ಅವಳ ಹತ್ತಿರ ಒಂದೇ ಮದ್ದು.

"ಆ ತಿರುವಿನ್ಯಾಗ ಕೆಂಪು ಕುದುರಿ ನಿಂತೈತಿ. ಅಲ್ಲೀತನಕ ನಡಿ. ಮುಂದ ನಾವಿಬ್ಬರೂ ಹತ್ತಿ ಹೋಗೂಣು."

ತಿರುವಿಗೆ ಹೋದರೆ ಕುದುರೆ ಇರುತ್ತಿರಲಿಲ್ಲ. ಈಗರೆ ಇತ್ತಲ್ಲೊ, ನಿನ್ನ ಅಳು ಕೇಳಿ ಮುಂದಿನ ತಿರುವಿಗೆ ಹೋಗೇತಿ ಅನ್ನುತ್ತಿದ್ದಳು. ಹಾಗೆ ತಿರುವಿಗೊಂದು ಕುದುರೆ ತೋರಿಸುತ್ತ ಅವನ ಸಾಲೆ ಮುಗಿಸಿದಳು. ಮುಂದೆ ಅವನು ಪುಣೆಗೆ ಬಂದು ಅಂಗಡಿ ಹಾಕಿ, ಲೀಲಾಕ್ಷಿಯನ್ನು ಮದುವೆಯಾಗಿ, ಶಿವಾನಿ ಎಂಬ ಮಗಳ ತಂದೆಯಾದರೂ ಕುದುರೆ ಮಾತ್ರ ಸಿಕ್ಕಿರಲಿಲ್ಲ. ಕಾಶವ್ವನೂ ಕೋಥರೂಡದ ಮನೆಗೇ ಬಂದಿದ್ದಳು.

ತೊಂಬತ್ತರ ದಶಕ ಅರ್ಧ ದಾಟಿತ್ತು. ಪಿಂಪ್ರಿ ಕಡೆಯ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಇಟಲಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಅವನ ಹೆಸರು ಎತ್ತೊರೆ. ಫಕೀರಪ್ಪನ ಬಾಯಲ್ಲಿ ಅದು ಎತ್ತೂರಪ್ಪ ಆಯಿತು, ಅವನೂ ಓಗೊಟ್ಟ. ಕೋಟಿನ ಒಂದು ಗುಂಡಿ ಕಳೆದಿದೆ, ಜೋಡಿ ಬೇಕು ಅಂತ ಬಂದಿದ್ದ. ಫಕೀರಪ್ಪ ಡಬ್ಬಿಗೆ ಕೈ ಹಾಕಿ ಕಲಕತೊಡಗಿದ. ಗಲಗಲ. ಆ ಸಪ್ಪಳ ಕೇಳಿದ್ದೇ ತಡ, ಎತ್ತೂರಪ್ಪ ಕಣ್ಣರಳಿಸಿ ನಕ್ಕ, ಅವನ ರಟ್ಟೆ ಹಿಡಿದು ಓಣಿಗೆ ಎಳೆದುಕೊಂಡು ಬಂದ.

ಓಣಿಯ ಬಾಯಲ್ಲಿ ಅದು ನಿಂತಿತ್ತು. ಕೆಂಪು ಅಂದರೆ ಹಣ್ಣಾದ ಮೆಣಸಿನಕಾಯಿಯ ಕೆಂಪು. ಮುಂದಕ್ಕೆ ಚಾಚಿದ ಕತ್ತು, ಮೇಲೆದ್ದ ಹಿಂಭಾಗ, ಓಡುವ ಮೊದಲೇ ಓಡುತ್ತಿರುವ ಹಾಗೆ ಕಾಣುವ ಮೈ. ಎತ್ತೂರಪ್ಪ ಆ ಮೋಟರ್‌ಸೈಕಲ್ಲಿನ ಚಾವಿ ತಿರುವಿದ. ಎದೆಯೊಳಗಿನಿಂದ ಒಂದು ದಪ್ಪ ಸದ್ದು ಹೊರಟಿತು. ಅದರ ಜೊತೆಗೆ, ಬಲಗಡೆಯಿಂದ, ಗಲಗಲ ಗಲಗಲ. ಥೇಟ್ ಡಬ್ಬಿಯ ಗುಂಡಿ. ಎಂಜಿನ್ನಿನ ಕ್ಲಚ್ಚು ಎಣ್ಣೆಯಲ್ಲಿ ಮುಳುಗದೆ ಒಣಗಿರುತ್ತದೆ, ಅದಕ್ಕೇ ಹೀಗೆ ಸದ್ದು ಮಾಡುತ್ತದೆ ಎಂದು ಎತ್ತೂರಪ್ಪ ಕೈಸನ್ನೆಯಲ್ಲಿ ತಿಳಿಸಿದ. ಫಕೀರಪ್ಪನಿಗೆ ಕ್ಲಚ್ಚು ಕೇಳಿಸಲಿಲ್ಲ. ಅವನಿಗೆ ಗೆಜ್ಜೆ ಕೇಳಿಸಿತು. ತಿರುವು ತಿರುವಿಗೂ ತಪ್ಪಿಸಿಕೊಂಡು ಹೋದದ್ದು ಕ್ಯಾಂಪಿನ ಓಣಿಯಲ್ಲಿ ಬಂದು ನಿಂತಿತ್ತು.

ಅಂದಿನಿಂದ ಎತ್ತೂರಪ್ಪ ಶನಿವಾರಕ್ಕೊಮ್ಮೆ ಬರತೊಡಗಿದ. ಒಬ್ಬನಿಗೆ ಕನ್ನಡ ಬಾರದು, ಇನ್ನೊಬ್ಬನಿಗೆ ಇಟಲಿ ಮಾತು ಬಾರದು. ನಡುವೆ ಒಂದಿಷ್ಟು ಹಿಂದಿ, ಒಂದಿಷ್ಟು ಚಹಾ. ಕಾರ್ಖಾನೆಯ ಹಿಂದಿನ ಖಾಲಿ ರಸ್ತೆಯಲ್ಲಿ ಫಕೀರಪ್ಪನಿಗೆ ಓಡಿಸುವುದನ್ನೂ ಕಲಿಸಿದ. ಕಲಿತದ್ದನ್ನು ಫಕೀರಪ್ಪ ಸವಾರಿ ಅನ್ನಲಿಲ್ಲ. ಅದು ಇನ್ನೊಬ್ಬರ ಕುದುರೆ, ಮೈ ಸವರಿದೆ ಅಷ್ಟೆ ಅಂದ.

ಕೆಲಸ ಮುಗಿದು ಎತ್ತೂರಪ್ಪ ಊರಿಗೆ ಹೊರಟಾಗ, ಇದನ್ನು ಬೇರೆಯವರಿಗೆ ಕೊಡಲು ಮನಸ್ಸಿಲ್ಲ ಅಂದ. ಫಕೀರಪ್ಪ ಊರಿನ ಹೊಲದ ತನ್ನ ಪಾಲನ್ನು ಕಾಕಾನ ಮಕ್ಕಳಿಗೆ ಬರೆದುಕೊಟ್ಟು, ಬಂದ ಹಣದಲ್ಲಿ ಅದನ್ನು ಕೊಂಡ. ಬಂಗಾರ ಕೇಳಿದರೆ ಕಬ್ಬಿಣ ತರ್ತೀರಲ್ರಿ ಅಂತ ಲೀಲಾಕ್ಷಿ ಅಂದಳು, ಆದರೆ ಗಂಡನ ಮುಖ ನೋಡಿ ಅಲ್ಲಿಗೇ ಬಿಟ್ಟಳು. ಮುಂದೆ ಸುಂಕದ ಕಚೇರಿ, ಆರ್‌ಟಿಓ, ಮುಂಬೈ, ಮತ್ತೆ ಪುಣೆ. ಒಂದು ಕಾಗದಕ್ಕೆ ಇನ್ನೊಂದು ಕಾಗದ ಮರಿ ಹಾಕುತ್ತ ಎರಡು ಮಳೆಗಾಲ ಹೋದವು. ಕೊನೆಗೆ ನಂಬರು ಸಿಕ್ಕಿತು.

ಮನೆಗೆ ಮಾತ್ರ ಅವನು ಅದನ್ನು ಓಡಿಸಿಕೊಂಡು ಬರಲಿಲ್ಲ. ಟೆಂಪೋದಲ್ಲಿ ಹೇರಿಸಿಕೊಂಡು ತಂದ. ಸೊಸೈಟಿಯ ಮಂದಿಯೆಲ್ಲ ನಕ್ಕರು. ಪಕ್ಕದ ಮನೆಯ ಕೇದಾರ, ಬ್ಯಾಂಕಿನ ಮನುಷ್ಯ, ಬಾಯಿ ಜೋರು, "ಘೋಡಾ ಆಲಾ, ನವರದೇವ ಕುಠೇ?" ಅಂತ ಮಹಡಿಯ ಗ್ಯಾಲರಿಯಿಂದ ಕೂಗಿದ. ಕುದುರೆ ಬಂತು, ಮದುಮಗ ಎಲ್ಲಿ ಅಂತ. ಫಕೀರಪ್ಪ ಲೀಲಾಕ್ಷಿಗೆ ಮಾತ್ರ ಮೆಲ್ಲಗೆ ಹೇಳಿದ: ಮೊದಲ ಸವಾರಿ ಅಕ್ಕನನ್ನು ಹಿಂದೆ ಕೂಡಿಸಿಕೊಂಡು. ಅಲ್ಲಿಯವರೆಗೆ ನಾನು ಇದನ್ನು ಏರುವುದಿಲ್ಲ.

ಲೀಲಾಕ್ಷಿ ಆರತಿ ತಂದಳು, ಗಾಲಿಗೆ ನಿಂಬೆಹಣ್ಣು ಇಟ್ಟರು. ಕಾಶವ್ವ ಕೆಳಗೆ ಇಳಿಯಲಿಲ್ಲ. ಶುಭಕಾರ್ಯದ ಮುಂದೆ ನಿಲ್ಲಬಾರದು ಎಂದು ಹರೆಯದಲ್ಲೇ ಕಲಿಸಿದ್ದನ್ನು ಅವಳ ಕಾಲು ಮರೆತಿರಲಿಲ್ಲ. ಗ್ಯಾಲರಿಯ ಕಟಕಟೆ ಹಿಡಿದು, ಸೆರಗು ತುಟಿಗೆ ಒತ್ತಿಕೊಂಡು ನೋಡುತ್ತಿದ್ದಳು. ಆ ಕೆಂಪು ಅವಳ ಕಣ್ಣಿಗೂ ಬಿದ್ದಿತ್ತು. ಮೇಲಿನಿಂದಲೇ ಕೇಳಿದಳು, "ಫಕೀರಾ, ಏನಂತಾರೊ ಅದಕ್ಕ?"

ಫಕೀರಪ್ಪ ಟ್ಯಾಂಕಿನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಹೆಮ್ಮೆಯಿಂದ, ದೊಡ್ಡ ದನಿಯಲ್ಲಿ ಹೇಳಿದ, "ಡುಕಾಟಿ."

ಇಲ್ಲೊಂದು ಮಾತು ಹೇಳಬೇಕು. ಅವರ ಹಳ್ಳಿಯ ಕಡೆ ಆಯಿತು ಅನ್ನುವುದಕ್ಕೆ ಆತಿ ಅನ್ನುತ್ತಾರೆ. ಮಳಿ ಆತಿ, ಬೆಳಿ ಆತಿ, ಊಟ ಆತಿ. ದುಃಖಕ್ಕೆ ಅನ್ನುವುದು ದುಕ್ಕ. ಗ್ಯಾಲರಿಗೆ ಹತ್ತಿ ಹೋದ ಆ ಹೆಸರು ಕಾಶವ್ವನ ಕಿವಿಗೆ ಮುಟ್ಟುವಷ್ಟರಲ್ಲಿ ಕನ್ನಡವಾಗಿತ್ತು.

"ದುಕ್ಕಾತಿ?" ಅಂದಳು.

ಅಷ್ಟೇ ಅಂದು ಒಳಗೆ ಹೋದಳು.

ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರೇನೋ. ಕಾಶವ್ವ ಮಾತನ್ನು ಕೆಂಡದ ಹಾಗೆ ಇಕ್ಕಳದಲ್ಲಿ ಹಿಡಿಯುವವಳು. ಅವಳ ಎದುರಿಗೆ ದೀಪ ಆರಿಸು ಅನ್ನುವ ಹಾಗಿಲ್ಲ, ದೊಡ್ಡದು ಮಾಡು ಅನ್ನಬೇಕು. ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾಗ್ಯಾವ. ಬಳೆ ಒಡೆದರೆ ಬಳೆ ಹೆಚ್ಚಿದವು. ಫಕೀರಪ್ಪ ಸಂಜೆ ಅಂಗಡಿ ಮುಚ್ಚುವುದಿಲ್ಲ, ಪುಣೆಯ ವ್ಯಾಪಾರಿಗಳ ಹಾಗೆ ಅಂಗಡಿ ಬೆಳೆಸಿ ಬರುತ್ತಾನೆ. ನುಡಿದದ್ದು ನಡೆಯುತ್ತದೆ ಎಂದು ನಂಬಿದ ಜೀವ ಅದು. ಅಂಥವಳ ಮನೆ ಬಾಗಿಲಿಗೆ, ದುಃಖವಾಯಿತು ಎಂದು ದಪ್ಪ ಅಕ್ಷರದಲ್ಲಿ ಬರೆದದ್ದನ್ನು ತಂದು ನಿಲ್ಲಿಸಿದರೆ?

ಅಂದು ಊಟಕ್ಕೆ ಬಡಿಸುತ್ತ ಅವಳು ತಮ್ಮನಿಗೆ ಹೇಳಿದ್ದು ಒಂದೇ ಮಾತು. "ನನ್ನ ಹಣಿಮ್ಯಾಲೆ ಒಮ್ಮೆ ಬರದೈತಿ ಅದು. ಮತ್ತ ನಿನ್ನ ಬಾಗಲಿಗೂ ಬರಸಿಕೊಂಡು ಬಂದಿಯಲ್ಲೊ."

ಫಕೀರಪ್ಪ ವಾದ ಮಾಡಲಿಲ್ಲ. ಕೆಂಪು ಕುದುರೆಯ ಕಥೆ ನೆನಪಿಸಲೂ ಇಲ್ಲ. ಅಕ್ಕನ ಭಯದ ಎದುರಿಗೆ ತನ್ನ ಕನಸು ಹಿಡಿದು ತೂಗುವುದು ಅವನಿಗೆ ಆಗದ ಕೆಲಸ. ದಿನವೂ ಹಳೆಯ ಸ್ಕೂಟರಿನಲ್ಲೇ ಕ್ಯಾಂಪಿಗೆ ಹೋದ, ಬಂದ.

ಆದಿತ್ಯವಾರದ ಮುಂಜಾನೆ ಮಾತ್ರ ಅವನದು. ಹೊದಿಕೆ ತೆಗೆದು ಮಲ್‌ಮಲ್ ಬಟ್ಟೆಯಿಂದ ಮೈ ಒರೆಸಿ, ಚಾವಿ ತಿರುವಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಗಲಗಲ ಗಲಗಲ. ಕೂತಲ್ಲೇ ಅವನು ಊರೂರು ದಾಟುತ್ತಿದ್ದ. ಕರಿಮಣ್ಣು, ಜೋಳದ ತೆನೆ, ಹಳ್ಳದ ತೆಳ್ಳಗಿನ ನೀರು, ನೀರಿನಲ್ಲಿ ಒಂದು ಕೆಂಪು ನೆರಳು. ಹಿಂದಿನ ಸೀಟಿನಲ್ಲಿ ಯಾರದೋ ಸೆರಗು ಹಾರುವ ಸಪ್ಪಳ. ಆಮೇಲೆ ಚಾವಿ ತಿರುವಿ, ಹೊದಿಕೆ ಹಾಕಿ, ಚಹಾ ಕುಡಿಯಲು ಮೇಲೆ ಬರುತ್ತಿದ್ದ.

ಲೀಲಾಕ್ಷಿ ಒಂದು ವಿಷಯ ಗಮನಿಸಿದ್ದಳು, ಬಾಯಿ ಬಿಟ್ಟಿರಲಿಲ್ಲ. ವಾರವಿಡೀ ಅಡುಗೆಮನೆಯಲ್ಲೇ ಅಕ್ಕಿ ಹಸನು ಮಾಡುವ ಕಾಶವ್ವ ಆದಿತ್ಯವಾರ ಮಾತ್ರ ಮೊರ ತೆಗೆದುಕೊಂಡು ಗ್ಯಾಲರಿಗೆ ಬರುತ್ತಿದ್ದಳು. ಕೆಳಗೆ ಗಲಗಲ ಶುರುವಾದರೆ ಮೇಲೆ ಮೊರದಲ್ಲಿ ಕೈ ನಿಲ್ಲುತ್ತಿತ್ತು.

ಹೀಗೇ ಹೊಸ ಶತಮಾನವೂ ಬಂತು. ಓಡದ ಗಾಡಿ, ಎಷ್ಟು ಒರೆಸಿದರೇನು? ಸರಪಳಿಗೆ ತುಕ್ಕು ಬಂತು, ಗಾಲಿಯ ರಬ್ಬರು ಬಿರಿಯಿತು, ಒಂದು ಆದಿತ್ಯವಾರ ಎಂಜಿನ್ನು ಕೆಮ್ಮಿ ಕೆಮ್ಮಿ ಕಷ್ಟಪಟ್ಟು ಎದ್ದಿತು. ಕೇದಾರನಿಗೂ ಪಾಪ ಅನ್ನಿಸಿರಬೇಕು. ಮುಂಬೈಯ ಒಬ್ಬ ಶೋಕಿಯ ಮನುಷ್ಯನನ್ನು ಕರೆದುಕೊಂಡು ಬಂದ. ಆತ ಗಾಡಿಯ ಸುತ್ತ ತಿರುಗಿ, ಇದನ್ನು ಹೀಗೆ ನಿಲ್ಲಿಸಿ ಕೊಲ್ಲುತ್ತಿದ್ದೀರಿ, ನನಗೆ ಕೊಡಿ, ಓಡಿಸಿ ಬದುಕಿಸುತ್ತೇನೆ ಅಂದ. ಆ ಮಾತು ಫಕೀರಪ್ಪನಿಗೆ ಚುಚ್ಚಿತು, ಚುಚ್ಚಿದ್ದು ಸುಳ್ಳಾಗಿದ್ದರಿಂದಲ್ಲ. ಖಂಡೆನವಮಿಯ ಆಯುಧಪೂಜೆ ಒಂದು ನನ್ನ ಕೈಯಿಂದ ಆಗಲಿ, ಆಮೇಲೆ ಒಯ್ಯಿರಿ ಅಂದ.

ಮನೆಯಲ್ಲಿ ಅಂದು ಮಾತಿಗೆ ಮಾತು ಬೆಳೆಯಿತು. ಹೆಸರು ಅಳಿಸಿ ಬಣ್ಣ ಹೊಡೆಸೋಣ ಅಂದಳು ಲೀಲಾಕ್ಷಿ. ಬರದದ್ದು ಬಣ್ಣ ಬಳದರ ಹೋಗತೈತೇನು ಅಂದಳು ಕಾಶವ್ವ. ಹಾಗಾದರೆ ದುಕ್ಕಾತಿ ಬೇಡ, ಸುಖಾತಿ ಅನ್ನೋಣ ಅಂದಳು ಲೀಲಾಕ್ಷಿ. ಕಾಶವ್ವ ಅದಕ್ಕೂ ತಲೆಯಾಡಿಸಿದಳು.

"ಅದು ಅಡ್ಡಹೆಸರು ಆತಿ. ಹೆಸರಂದ್ರ ತೊಟ್ಟಲದಾಗ ಸೋದರತ್ತಿ ಕಿವ್ಯಾಗ ಕುರ್‍ರ್ ಅಂದು ಇಟ್ಟದ್ದು. ಮಿಕ್ಕಿದ್ದೆಲ್ಲ ಗಾಳಿ."

ಮೂಲೆಯಲ್ಲಿ ಕಾಲೇಜಿನ ಪುಸ್ತಕ ಹಿಡಿದು ಕೂತಿದ್ದ ಶಿವಾನಿ ತಲೆ ಎತ್ತಿದಳು. ಪುಣೆಯಲ್ಲೇ ಹುಟ್ಟಿ ಬೆಳೆದವಳು, ಮರಾಠಿಯಲ್ಲಿ ಜಗಳಾಡುವವಳು, ಅತ್ತೆಯ ಜೊತೆ ಮಾತ್ರ ಅತ್ತೆಯ ಕನ್ನಡ.

"ಹಂಗಾದ್ರ ಅತ್ತಿ, ಆ ದುಕ್ಕಾತಿ ಅನ್ನೋ ಹೆಸರು ಯಾವ ಸೋದರತ್ತಿ ಇಟ್ಟಾಳ್ರಿ?"

ಪುಸ್ತಕ ಮುಚ್ಚಿ ಶಿವಾನಿಯೇ ಮುಂದುವರಿಸಿದಳು.

"ಅದಕ್ಕ ಇನ್ನೂ ಹೆಸರ ಇಟ್ಟಿಲ್ಲ ಅಂದಂಗಾತಿ. ಅಪ್ಪನ ಗಾಡಿ. ಅದರ ಸೋದರತ್ತಿ ನೀವ."

"ನನಗ ಹೆಸರಿಡಾಕ ಎಲ್ಲೀ ಅಧಿಕಾರವ್ವ," ಅಂದಳು ಕಾಶವ್ವ, ನೆಲ ನೋಡುತ್ತ. "ನಿನ್ನ ಹೆಸರಿಡೂ ದಿನಾನ ನಾ ಅಡಗಿಮನ್ಯಾಗ ಕುಂತಿದ್ದೆ."

ಅದು ಮನೆಯಲ್ಲಿ ಯಾರೂ ಆಡದೆ ಇಟ್ಟುಕೊಂಡಿದ್ದ ಮಾತು. ಶಿವಾನಿಯ ನಾಮಕರಣದ ದಿನ ಮುತ್ತೈದೆಯೇ ಬೇಕೆಂದು ಬಳಗದ ಹಿರಿಯರು ಹಟ ಹಿಡಿದಿದ್ದರು. ದೂರದ ಸಂಬಂಧದ ಅಕ್ಕ ಒಬ್ಬಳನ್ನು ಕರೆಸಿ ಕುರ್‍ರ್ ಅನ್ನಿಸಿದ್ದರು. ಫಕೀರಪ್ಪ ಅಂದು ತಲೆ ತಗ್ಗಿಸಿ ನಿಂತಿದ್ದ. ಇಂದೂ ತಗ್ಗಿಸಿದ.

ಶಿವಾನಿ ಎದ್ದು ಬಂದು ಅತ್ತೆಯ ಎದುರಿಗೆ ಕೂತಳು. "ಆ ಅತ್ತಿ ಮುಖ ಹೆಂಗೈತಿ ನನಗ ಗೊತ್ತಿಲ್ಲ. ನನ್ನ ತಲಿ ಹಿಕ್ಕಿ ಬೆಳಸಿದಾಕಿ ನೀವು. ನನ್ನ ಹೆಸರು ತಪ್ಪೇತಿ, ಇದರದರೆ ಇಡ್ರಿ."

ಕಾಶವ್ವ ಎದ್ದು ಅಡುಗೆಮನೆಗೆ ಹೋದಳು.

ಖಂಡೆನವಮಿಯ ದಿನ ಅಂಗಡಿಯ ಕತ್ತರಿ, ಗಜಕಡ್ಡಿ, ಗುಂಡಿ ಡಬ್ಬಿಗಳನ್ನೆಲ್ಲ ಫಕೀರಪ್ಪ ಮನೆಗೆ ತಂದು ಕೆಳಗೆ ಮಣೆಯ ಮೇಲೆ ಜೋಡಿಸಿದ. ಸ್ಕೂಟರಿಗೆ ಚೆಂಡುಹೂವಿನ ಮಾಲೆ, ಕೆಂಪು ಗಾಡಿಗೂ ಮಾಲೆ. ಹೊಸ ಧಣಿಯಾಗುವವನೂ ಕೇದಾರನ ಜೊತೆ ಬಂದು ನಿಂತಿದ್ದ. ಲೀಲಾಕ್ಷಿ ಆರತಿಗೆ ಬತ್ತಿ ಹಚ್ಚಬೇಕು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಕಾಶವ್ವ ಇಳಿದು ಬರುತ್ತಿದ್ದಳು, ಟ್ರಂಕಿನ ವಾಸನೆ ಇನ್ನೂ ಹೋಗದ ಇಳಕಲ್ ಸೀರೆ ಉಟ್ಟು. ಗಾಡಿಯ ಸುತ್ತ ಒಂದು ಸಲ ಬಂದಳು. ನೆರೆದವರ ಮುಖ ನೋಡಲಿಲ್ಲ.

"ಇದರ ಕಿವಿ ಎಲ್ಲೈತಿ?" ಅಂದಳು.

ಗಲಗಲ ಅನ್ನುವ ಕಡೆ ಫಕೀರಪ್ಪ ಕೈ ತೋರಿಸಿದರೆ, ಅದು ಬಾಯಿ ಅಂದಳು. ಕೇದಾರ ದೀಪ ತೋರಿಸಿದರೆ, ಅದು ಕಣ್ಣಲ್ಲೇನಪಾ ಅಂದಳು. ಆಮೇಲೆ ತಾನೇ ಕಂಡುಕೊಂಡಳು: ಎರಡೂ ಬದಿಗೆ ನೆಟ್ಟಗೆ ನಿಂತ ಕನ್ನಡಿಗಳು, ಸಪ್ಪಳ ಕೇಳಿ ನಿಮಿರಿದ ಕುದುರೆಯ ಕಿವಿಯ ಹಾಗೆ. ಬಲಗಡೆಯ ಕನ್ನಡಿಗೆ ಬಾಗಿ, ಸೆರಗು ಮರೆ ಮಾಡಿ, ಕುರ್‍ರ್ ಅಂದಳು. ಏನೋ ಒಂದು ಹೆಸರು ಉಸುರಿದಳು. ಕನ್ನಡಿಯ ಮೇಲೆ ಅವಳ ಉಸಿರಿನ ಮಂಜು ಕೂತಿತು.

ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ನೆರೆದವರೆಲ್ಲ ಗುದ್ದಬೇಕು, ಅದು ಪದ್ಧತಿ. ಬಾಗಿದ ಆ ಬೆನ್ನಿಗೆ ಅಂಥ ಗುದ್ದು ಎಂದೂ ಬಿದ್ದಿರಲಿಲ್ಲ. ಎಲ್ಲರೂ ಕೈ ಕಟ್ಟಿ ನಿಂತರು. ಮೊದಲು ಮುಂದೆ ಬಂದವನು ಫಕೀರಪ್ಪ. ಕೂಸಾಗಿದ್ದಾಗ ಕೆನ್ನೆ ಒತ್ತಿ ಮಲಗುತ್ತಿದ್ದ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಇಟ್ಟ. ಆಮೇಲೆ ಲೀಲಾಕ್ಷಿ, ಶಿವಾನಿ, ಕೇದಾರ, ಸೊಸೈಟಿಯ ಹೆಂಗಸರು, ದಬದಬ ದಬದಬ.

"ಸಾಕ ಬಿಡ್ರೊ, ನನ್ನ ಬೆನ್ನು ಮುರ..." ಅಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡು, "ಬೆನ್ನು ಹೆಚ್ಚಾತಿ, ಬೆನ್ನು ಹೆಚ್ಚಾತಿ," ಅಂತ ತಿದ್ದಿಕೊಂಡಳು. ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

ಏನು ಹೆಸರಿಟ್ಟೆ ಅಂದರೆ, ಅದಕ್ಕ ಹೇಳೀನಿ, ನಿಮಗಲ್ಲ ಅಂದಳು. ಮುಂಬೈಯವನು ಕೇದಾರನ ಕಡೆ ನೋಡಿದ, ಕೇದಾರ ಫಕೀರಪ್ಪನ ಕಡೆ ನೋಡಿದ. ಫಕೀರಪ್ಪ ಮರಾಠಿಯಲ್ಲಿ, ಅಂಗಡಿ ಬೆಳೆಸಿದ್ದೇನೆ, ಇನ್ನು ಮಾರಾಟವಿಲ್ಲ ಅಂತ ಹೇಳಿಬಿಡು ಅಂದ.

ಹೊಸ ಗಾಲಿ, ಹೊಸ ಸರಪಳಿ ಬರಲು ದೀಪಾವಳಿ ಸಮೀಪಿಸಿತು. ಒಂದು ಎಳೆಬಿಸಿಲಿನ ಮುಂಜಾನೆ ಕಾಶವ್ವ ಹೊಲಕ್ಕೆ ಹೋಗುವಾಗ ಹಾಕುತ್ತಿದ್ದ ಹಾಗೆ ಸೀರೆಗೆ ಕಚ್ಚೆ ಹಾಕಿಕೊಂಡು ಬಂದಳು. ಸೀಟು ಎತ್ತರ, ಅಂಗೈ ಅಗಲ. ಕೇದಾರ ಸ್ಟೂಲು ಹಿಡಿದ, ಅದೇ ಸ್ಟೂಲು. ಅವಳು ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು, ತಮ್ಮನ ಸೊಂಟ ಹಿಡಿದಳು.

ಪೌಡ್ ರಸ್ತೆ, ಚಾಂದಣಿ ಚೌಕ, ಇಳಿಜಾರು. ಊರು ಹಿಂದೆ ಉಳಿಯಿತು. ಮಳೆ ಕುಡಿದ ಗುಡ್ಡಗಳ ಮೇಲೆ ಹಳದಿ ಹೂವಿನ ಹಾಸು, ಭೂಗಾಂವದ ಕೆರೆಯ ಮೇಲೆ ಹತ್ತಿಯಂಥ ಮಂಜು. ಫಕೀರಪ್ಪ ಜೋರು ಮಾಡಲಿಲ್ಲ. ಕನಸಿನಲ್ಲಿ ಯಾರೂ ಅವಸರ ಮಾಡುವುದಿಲ್ಲ ನೋಡ್ರಿ. ಕೆಂಪು ಮೈ ಒಂದು ತಿರುವಿಗೆ ಎಡಕ್ಕೆ ವಾಲಿತು, ಇನ್ನೊಂದಕ್ಕೆ ಬಲಕ್ಕೆ. ಪ್ರತಿ ಸಲ ವಾಲಿದಾಗಲೂ ಅಕ್ಕನ ಕೈ ಬಿಗಿಯಾಗುತ್ತಿತ್ತು, ಆಮೇಲೆ ಸಡಿಲಾಗುತ್ತಿತ್ತು. ಕೆಲವು ತಿರುವು ದಾಟಿದ ಮೇಲೆ ಬಿಗಿಯಾಗುವುದೇ ನಿಂತಿತು. ಅವಳ ಸೆರಗು ಪಟಪಟ ಹಾರುತ್ತಿತ್ತು. ಆ ಸಪ್ಪಳ ಅವನಿಗೆ ಹೊಸದಲ್ಲ.

ಪಿರಂಗುಟ ಘಾಟಿನ ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಎಂಜಿನ್ನು ನಿಲ್ಲಿಸಲಿಲ್ಲ, ಗಲಗಲ ಗಲಗಲ. ಹಿಂದೆ ತಿರುಗದೆ ಕೇಳಿದ, "ಅಕ್ಕಾ, ಏನಂತ ಹೆಸರಿಟ್ಟಿ?"

ನಮ್ಮ ಕಡೆ ಹೆಣ್ಣುಮಕ್ಕಳು ಸಾಕೆಂದು ಸಾಕವ್ವ ಅಂತ ಹೆಸರಿಡುವವರಿದ್ದಾರೆ. ಕಾಶವ್ವ ಕಾದು ಕಾದು ಕಂಡದ್ದಕ್ಕೆ ಹೆಸರಿಟ್ಟಿದ್ದಳು.

"ಬಂದವ್ವ," ಅಂದಳು.

ಫಕೀರಪ್ಪನ ಹೆಗಲು ಸ್ವಲ್ಪ ಅಲುಗಿದವು. ಅಕ್ಕ ಅವನ ಬೆನ್ನಿಗೆ ಹಗುರಾಗಿ ಗುದ್ದಿದಳು.

"ಕಾಲು ನೋಯ್ತಾವೇನೊ ಫಕೀರಾ?"

"ಇಲ್ಲಕ್ಕಾ."

"ಮತ್ತ್ಯಾಕ ನಿಂತಿ? ನಡಿ. ಮುಂದ ಇನ್ನೊಂದು ತಿರುವೈತಿ."